ಅಪ್‌ಡೇಟ್: ನಾಯಿ ಜೊತೆ ಹಳೆಯ ಕಾಲೇಜಿಗೆ ಹೋಗಿ ಬಂದೆವು

ಬೇಸಿಗೆಯಲ್ಲಿ ಗೆಳೆಯರ ಜೊತೆ ಕಾರಲ್ಲಿ ಹಳೆಯ ಕಾಲೇಜು ಕಡೆ ಹೋಗುವಾಗ ನಾಯಿಯನ್ನೂ ಕರೆದೊಯ್ಯಬಹುದಾ ಎಂದು ಕೇಳಿದ್ದೆ. ಹೋಗಿ ಬಂದೆವು, ತುಂಬಾ ಚೆನ್ನಾಗಿತ್ತು!

ನೀವು ಹೇಳಿದಂತೆ ಹೊರಡುವ 3 ಗಂಟೆ ಮೊದಲೇ ಊಟ ಹಾಕಿದ್ದೆ. ದಾರಿಯಲ್ಲಿ ಒಮ್ಮೆಯೂ ವಾಂತಿ ಮಾಡಲಿಲ್ಲ. ನಾಯಿಯನ್ನು ಇಳಿಸುವ ಮುಂಚೆ, ಪಾದ ಸುಡುವಷ್ಟು ಬಿಸಿ ಇದೆಯಾ ಎಂದು ಕೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ನೋಡುತ್ತಿದ್ದೆ. ಮಧ್ಯಾಹ್ನ ಒಂದು ಕಡೆ 3 ಸೆಕೆಂಡ್ ಕೂಡ ಇಡಲಾಗಲಿಲ್ಲ, ಎತ್ತಿಕೊಂಡೇ ನೆರಳಿಗೆ ಹೋದೆ. ಕಾರಲ್ಲಿ ಒಂಟಿಯಾಗಿ ಬಿಡಲೇ ಇಲ್ಲ. ಹೊರಗೆ 24 ಡಿಗ್ರಿ ಇದ್ದರೂ 10 ನಿಮಿಷದಲ್ಲಿ ಒಳಗೆ 34 ಆಗಿಬಿಡುತ್ತೆ ಅಲ್ವಾ, ಅದಕ್ಕೇ ಸರದಿ ಮೇಲೆ ಊಟ ಮಾಡಿದೆವು.

ನಾವು ಕೂರುತ್ತಿದ್ದ ಮರದ ಕೆಳಗಿನ ಕಲ್ಲುಬೆಂಚು ಇನ್ನೂ ಇದೆ! ನಾಲ್ವರೂ ಸುಮ್ನೆ ನೋಡುತ್ತಾ ನಿಂತೆವು. ಅಷ್ಟರಲ್ಲಿ ನಮ್ಮ ನಾಯಿ ಬೆಂಚಿನ ಕೆಳಗೆ ನುಸುಳಿ, ತಣ್ಣನೆಯ ಮಣ್ಣಿಗೆ ಹೊಟ್ಟೆ ಚಾಚಿ ನಿದ್ದೆಹೋಯಿತು.