‘ಪತ್ತೆಯಾಗಿಲ್ಲ’, ‘ಪತ್ತೆ ಮಿತಿ’, ‘ನಿರ್ಣಯ ಮಟ್ಟ’: ಬಳಕೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಮಣ್ಣು, ಹಾಲು, ಮೀನುಗಳಲ್ಲಿ ಸೀಸಿಯಂ-137 ಎಂಬ ವಿಕಿರಣಶೀಲ ಧಾತುವನ್ನು ಅಳೆದ ವರದಿಗಳಲ್ಲಿ ‘ಎನ್.ಡಿ.’ (ನಾಟ್ ಡಿಟೆಕ್ಟೆಡ್) ಎಂದು ಬರುತ್ತದಲ್ಲ, ಅದನ್ನು ಕನ್ನಡದಲ್ಲಿ ‘ಇಲ್ಲ’, ‘ಶೂನ್ಯ’ ಎಂದು ಬರೆಯುವುದು ತಪ್ಪು. ‘ಪತ್ತೆಯಾಗಿಲ್ಲ’ ಎನ್ನಬೇಕು, ಕನಿಷ್ಠ ಎಷ್ಟಿದ್ದರೆ ಆ ಅಳತೆಗೆ ಕಾಣುತ್ತಿತ್ತು ಎಂಬ ಅಂಕಿ ಪಕ್ಕದಲ್ಲೇ ಇರಬೇಕು.

ತೊಡಕಿರುವುದು ಆ ಅಂಕಿಯ ಹೆಸರಿನಲ್ಲಿ. ಅಮೆರಿಕದ ರಸಾಯನವಿಜ್ಞಾನಿ ಲಾಯ್ಡ್ ಕರಿ 1968ರಲ್ಲಿ ಬೇರ್ಪಡಿಸಿ ತೋರಿಸಿದ ಎರಡು ಮಟ್ಟಗಳಿಗೂ ‘ಪತ್ತೆ ಮಿತಿ’ ಎಂದರೆ ಅರ್ಥವೇ ಕೆಡುತ್ತದೆ. ಲೆಕ್ಕ ನೋಡಿ: ಒಂದು ಕಿಲೋ ಮಾದರಿ, ಒಂದು ಗಂಟೆಯ ಎಣಿಕೆ, ಅಷ್ಟೇ ಹೊತ್ತು ಎಣಿಸಿದ ಬ್ಲ್ಯಾಂಕ್‌ನಲ್ಲಿ (ಸೀಸಿಯಂ ಇಲ್ಲದ, ಹಿನ್ನೆಲೆ ತಿಳಿಯಲು ಇಡುವ ಮಾದರಿ) 662 ಕೆಇವಿ ಸುತ್ತ, ಅಂದರೆ ಸೀಸಿಯಂನ ಗಾಮಾ ಕಿರಣದ ಶಕ್ತಿಯ ಸುತ್ತ, 400 ಎಣಿಕೆ. 400ರ ವರ್ಗಮೂಲ 20. ಅದರ 2.33 ಪಟ್ಟು, ಅಂದರೆ 47, ಮೊದಲ ಮಟ್ಟ. ಹಿನ್ನೆಲೆ ಕಳೆದ ಮೇಲೆ ಉಳಿದದ್ದು ಇದನ್ನು ದಾಟಿದರೆ ‘ಇದೆ’ ಎನ್ನುತ್ತೇವೆ. ಏನೂ ಇಲ್ಲದಿದ್ದರೂ ಹಾಗೆನ್ನುವ ಸಂಭವ ಶೇ. 5. ಎರಡನೆಯದು 2.71 + 4.65×20, ಸುಮಾರು 96. ನಿಜಕ್ಕೂ ಇಷ್ಟಿದ್ದರೆ ನೂರರಲ್ಲಿ 95 ಸಲ ಸಿಕ್ಕೇ ಸಿಗುತ್ತದೆ. ಇದು ಅಳೆಯುವ ಮೊದಲೇ ವಿಧಾನದ ಬಗ್ಗೆ ಹೇಳುವ ಮಾತು.

ಹಾಗಾದರೆ 60 ಉಳಿದಾಗ? 47 ದಾಟಿದೆ, ಪತ್ತೆಯಾಗಿದೆ. 60±29 ಎಂದು ಬರೆಯಬೇಕು (29 ಎಂದರೆ ಮಾದರಿಯ 460, ಬ್ಲ್ಯಾಂಕ್‌ನ 400 ಎಣಿಕೆಗಳ ಮೊತ್ತದ ವರ್ಗಮೂಲ). 96ರೊಳಗಿದೆ ಎಂದು ‘ಪತ್ತೆಯಾಗಿಲ್ಲ’ ಎನ್ನುವ ಅಭ್ಯಾಸ ಇದ್ದ ಮಾಲಿನ್ಯವನ್ನೇ ಅಳಿಸಿಬಿಡುತ್ತದೆ. ಸರಾಸರಿ ತೆಗೆಯುವಾಗ ‘ಪತ್ತೆಯಾಗಿಲ್ಲ’ ಎಂದಿರುವಲ್ಲಿ ಶೂನ್ಯ ತುಂಬಿದರೆ ಫಲಿತಾಂಶ ಕೆಳಗೆ ಜಾರುತ್ತದೆ, ಮಿತಿಯನ್ನೇ ತುಂಬಿದರೆ ಮೇಲೇರುತ್ತದೆ. ಋಣ ಸಂಖ್ಯೆ ಬಂದರೂ ಬಂದದ್ದನ್ನೇ ದಾಖಲಿಸಬೇಕು.

‘ಉಪಕರಣದ ಪತ್ತೆ ಮಿತಿ’ ಎಂಬ ಪ್ರಯೋಗವೂ ಸರಿಯಲ್ಲ. ಸೀಸಿಯಂನ ನೂರು ವಿಘಟನೆಗಳಲ್ಲಿ ಸುಮಾರು 85ರಲ್ಲಿ 662ರ ಕಿರಣ ಹೊಮ್ಮುತ್ತದೆ. ಅವುಗಳಲ್ಲಿ ಎಣಿಕೆಗೆ ಸಿಗುವ ಪಾಲು, ಅಂದರೆ ದಕ್ಷತೆ, ಶೇ. 2 ಇದ್ದರೆ ಮೇಲಿನ 96 ಎಣಿಕೆ ಕಿಲೋಗೆ 1.6 ಬೆಕೆರೆಲ್ (ಸೆಕೆಂಡಿಗೆ ಒಂದು ವಿಘಟನೆ ಎಂದರೆ ಒಂದು ಬೆಕೆರೆಲ್) ಆಗುತ್ತದೆ. ಅದೇ ಉಪಕರಣದಲ್ಲಿ ಹತ್ತೇ ನಿಮಿಷ ಎಣಿಸಿದರೆ ಮಿತಿ 4ಕ್ಕೆ ಏರುತ್ತದೆ.

ಈ ಸೂತ್ರಗಳು ಎಣಿಕೆಯ ಏರಿಳಿತವನ್ನಷ್ಟೇ ಹಿಡಿಯುತ್ತವೆ. ಸೋಡಿಯಂ ಅಯೋಡೈಡ್ ಪತ್ತೆಕಾರಕದಲ್ಲಿ ಮಣ್ಣಿನಲ್ಲಿ ಸಹಜವಾಗಿಯೇ ಇರುವ ಬಿಸ್ಮತ್-214ರ 609 ಕೆಇವಿ ಶಿಖರ ಸೀಸಿಯಂನ 662ರ ಜಾಗಕ್ಕೆ ಚಾಚಿಕೊಳ್ಳುತ್ತದೆ. ಖಾಲಿ ಬೀಕರನ್ನು ಬ್ಲ್ಯಾಂಕ್ ಆಗಿಟ್ಟರೆ, ಮಾದರಿ ತಾನೇ ತಡೆಯುವಷ್ಟು ಹಿನ್ನೆಲೆಯನ್ನೂ ಸೇರಿಸಿ ಕಳೆದಂತಾಗುತ್ತದೆ. ಅದೇ ಬೀಕರಿನಲ್ಲಿ ಅದೇ ಮಟ್ಟಕ್ಕೆ ಶುದ್ಧ ನೀರು ತುಂಬಬೇಕು. ಇಂಥವನ್ನು ‘ದೋಷ’ ಎನ್ನೋಣ, ±29ಕ್ಕೆ ‘ಅನಿಶ್ಚಿತತೆ’ ಇರಲಿ.

47ಕ್ಕೆ ‘ನಿರ್ಣಯ ಮಟ್ಟ’, 96ಕ್ಕೆ ‘ಪತ್ತೆ ಮಿತಿ’ ಎಂಬುದು ನನ್ನ ಸೂಚನೆ. ಕೈಗಾ ಸುತ್ತಲಿನ ಮಾಪನಗಳ ಬಗ್ಗೆ ಕನ್ನಡದಲ್ಲಿ ಬರೆದವರು ಬೇರೆ ಪದ ಬಳಸಿದ್ದರೆ ದಯವಿಟ್ಟು ತಿಳಿಸಿ.