ಗ್ರೂಪಿನ ಪ್ರಶ್ನೋತ್ತರ: ಹೈಪರ್‌ಸ್ಪೆಕ್ಟ್ರಲ್ ಡೇಟಾ ಎಷ್ಟು ನಂಬಬಹುದು?

ಮಣಿಪಾಲದ ವಿದ್ಯಾರ್ಥಿ: ಮೇಡಂ, ನೇತ್ರಾವತಿ ಅಳಿವೆ ಮೇಲೆ ವಿಮಾನದಿಂದ ತೆಗೆದ ಹೈಪರ್‌ಸ್ಪೆಕ್ಟ್ರಲ್ ಡೇಟಾ ಸಿಕ್ಕಿದೆ, ಬೆಳಕನ್ನು ನೂರಾರು ಬ್ಯಾಂಡ್‌ಗಳಾಗಿ (ತರಂಗಾಂತರದ ಕಿರಿದಾದ ಪಟ್ಟಿಗಳಾಗಿ) ಒಡೆದು ಅಳೆದದ್ದು. ಕ್ಯಾಲಿಬ್ರೇಶನ್ (ಸೆನ್ಸರ್‌ನ ಅಳತೆಯನ್ನು ಸರಿಹೊಂದಿಸುವುದು) ಅನಿಶ್ಚಿತತೆ 2% ಅಂತ ಜೊತೆಗಿನ ಫೈಲಿನಲ್ಲಿದೆ. ಒಂದು ಪಿಕ್ಸೆಲ್‌ನಲ್ಲಿ ನಾಯ್ಸ್ (ಅಳತೆಯ ಅಡ್ಡಾದಿಡ್ಡಿ ಏರಿಳಿತ) 4%. ನೀರಿನ 400 ಪಿಕ್ಸೆಲ್ ಸರಾಸರಿ ಮಾಡಿದರೆ 0.2% ಬರುತ್ತದೆ. ಥೀಸಿಸ್‌ನಲ್ಲಿ 0.2% ಅಂತ ಬರೆಯಬಹುದಾ?

ಕ್ಯಾಲಿಬ್ರೇಶನ್ ಮೇಡಂ: ಬರೆಯಬೇಡಿ. 400ರ ವರ್ಗಮೂಲ 20ರಿಂದ ಭಾಗಿಸಿದ್ದೀರಿ, ಅದು ನಾಯ್ಸ್‌ಗೆ ಮಾತ್ರ ಸರಿ. ನಾಯ್ಸ್ ಪ್ರತಿ ಪಿಕ್ಸೆಲ್‌ನಲ್ಲೂ ಬೇರೆ, ಸರಾಸರಿಯಲ್ಲಿ ಕರಗುತ್ತದೆ. ಕ್ಯಾಲಿಬ್ರೇಶನ್ ತಪ್ಪು ಎಲ್ಲ ಪಿಕ್ಸೆಲ್‌ಗೂ ಒಂದೇ, ಒಂದೇ ದಿಕ್ಕಿಗೆ. ತೂಕದ ಕಲ್ಲೇ ಕಡಿಮೆ ಇದ್ದರೆ ಬಂಗುಡೆಯನ್ನು ನೂರು ಸಲ ತೂಗಿ ಎಂತ ಪ್ರಯೋಜನ? ಎರಡನ್ನೂ ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆಯಿರಿ. 2.01% ಬರುತ್ತದೆ.

ನನಗೆ ಹೆದರಿಕೆ ಇರುವುದು ಬೇರೆ ಕಡೆ. ಇದು ನೀರು. ಸೆನ್ಸರ್‌ಗೆ ಬಂದ ಬೆಳಕು 100 ಅಂತ ಇಟ್ಟುಕೊಳ್ಳಿ. ನೀಲಿ ಬ್ಯಾಂಡ್‌ನಲ್ಲಿ ಅದರ 90 ಗಾಳಿಯಲ್ಲೇ ಚದುರಿ ಬಂದದ್ದು, ನೀರಿನದು 10 ಮಾತ್ರ ಅನ್ನೋಣ. 100ರ 2% ಅಂದರೆ 2. ಗಾಳಿಯ 90 ಕಳೆದ ಮೇಲೂ ಆ 2 ಹಾಗೇ ಉಳಿಯುತ್ತದೆ. 10ರಲ್ಲಿ 2, ಅಂದರೆ 20%! ಏರೋಸಾಲ್ (ಗಾಳಿಯಲ್ಲಿ ತೇಲುವ ಸಣ್ಣ ಕಣಗಳು), ಅಲೆಯ ಮೇಲಿನ ಬಿಸಿಲಿನ ಹೊಳಪು ಇನ್ನೂ ಸೇರಿಸಿಯೇ ಇಲ್ಲ.

ಪಕ್ಕಪಕ್ಕದ ಬ್ಯಾಂಡ್‌ಗಳ ಅನುಪಾತ ತೆಗೆದರೆ ಎರಡರಲ್ಲೂ ಇರುವ ತಪ್ಪು ಬಹುಪಾಲು ಹೊಡೆದುಹೋಗುತ್ತದೆ. ಎಷ್ಟು ಅಂತ ಹೇಳಲು ಬ್ಯಾಂಡ್‌ಗಳ ನಡುವಿನ ಕೋವೇರಿಯನ್ಸ್, ಅಂದರೆ ಎರಡರ ತಪ್ಪು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತದೆ ಎಂಬ ಲೆಕ್ಕ ಬೇಕು. ಡೇಟಾ ಕೊಟ್ಟವರನ್ನು ಕೇಳಿ.

ಕುಂದಾಪುರ: 1400 ನ್ಯಾನೋಮೀಟರ್ ಹತ್ತಿರ ರಿಫ್ಲೆಕ್ಟೆನ್ಸ್ (ಬಿದ್ದ ಬೆಳಕಿನಲ್ಲಿ ಮರಳುವ ಪಾಲು) ಮೈನಸ್ ಬರುತ್ತಿದೆ.

ಕ್ಯಾಲಿಬ್ರೇಶನ್ ಮೇಡಂ: ಅಲ್ಲಿ ಗಾಳಿಯ ನೀರಾವಿ ಬೆಳಕು ನುಂಗುತ್ತದೆ. ಆ ಬ್ಯಾಂಡ್ ಬಿಡಿ.

ಕಾಪು: 1900ರಲ್ಲೂ ಮೈನಸ್, ಮೇಡಂ.

ಕ್ಯಾಲಿಬ್ರೇಶನ್ ಮೇಡಂ: ಮೇಲೆ ಓದಿ.

ಸುರತ್ಕಲ್: ಫಾರ್ವರ್ಡ್ ಬಂದಿದೆ, ಸರಿಯಾ? “ದುಬಾರಿ ಬಿಳಿ ಪ್ಯಾನೆಲ್ ಯಾಕೆ? ಎ4 ಹಾಳೆ ಇಡಿ. ಆಮೇಲೆ ಸ್ಮೂತಿಂಗ್ (ಗ್ರಾಫಿನ ಏರಿಳಿತ ನಯ ಮಾಡುವುದು) ಮಾಡಿ, ಎರರ್ ಸೊನ್ನೆ!”

ಕ್ಯಾಲಿಬ್ರೇಶನ್ ಮೇಡಂ: ಇದನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಬಿಳಿ ಪ್ಯಾನೆಲ್ ಎಷ್ಟು ಬೆಳಕು ಮರಳಿಸುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಅದಕ್ಕೆ ಹೋಲಿಸಿ ಅಳೆಯುತ್ತೇವೆ. ಎ4 ಹಾಳೆಗೆ ಬೆಳ್ಳಗೆ ಕಾಣಲು ರಾಸಾಯನಿಕ ಹಾಕಿರುತ್ತಾರೆ, ಅದು ಅಲ್ಟ್ರಾವಯೊಲೆಟ್ ಹೀರಿ ನೀಲಿ ಬೆಳಕು ಬಿಡುತ್ತದೆ. 2100 ನ್ಯಾನೋಮೀಟರ್ ಹತ್ತಿರ ಹಾಳೆಯ ಸೆಲ್ಯುಲೋಸ್ ಬೆಳಕು ಹೀರುತ್ತದೆ. ಸ್ಮೂತಿಂಗ್ ಮಾಡಿದರೆ ಗ್ರಾಫ್ ಚಂದ ಕಾಣುತ್ತದೆ ಅಷ್ಟೆ. ಕ್ಯಾಲಿಬ್ರೇಶನ್ ತಪ್ಪು ಎಲ್ಲೂ ಹೋಗುವುದಿಲ್ಲ. ಮೇಲಿಂದ, ಪಕ್ಕದ ಬ್ಯಾಂಡ್‌ಗಳ ನಾಯ್ಸ್ ಒಂದರೊಳಗೊಂದು ಬೆರೆಯುತ್ತದೆ.

ಪುತ್ತೂರು: ಅಡಿಕೆ ತೋಟದ ಮೇಲೆ ಡ್ರೋನ್ ಹಾರಿಸುವಾಗ ಮೋಡ ಬಂದು ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಸೇರಿಸುವುದು ಹೇಗೆ?

ಬಜಪೆ: ಕ್ಯಾಲಿಬ್ರೇಶನ್‌ನ ಆ 2% ಅಂದರೆ 95% ಭರವಸೆ ಅಲ್ವಾ?

ಸುರತ್ಕಲ್: ಅಲ್ಲ ಮಾರಾಯ್ರೆ, ಒಂದು ಸಿಗ್ಮಾ (ಪ್ರಮಾಣಿತ ವಿಚಲನೆ). 68%.

ಬಜಪೆ: ಲ್ಯಾಬ್ ಸರ್ಟಿಫಿಕೇಟ್‌ನಲ್ಲಿ ಸಾಮಾನ್ಯವಾಗಿ ಕೆ=2, ಅಂದರೆ ಎರಡು ಸಿಗ್ಮಾ ಇರುತ್ತದೆ. ಎ4 ಹಾಳೆ ತಂದವರು ನಮಗೆ ಸಿಗ್ಮಾ ಕಲಿಸುವುದು ಬೇಡ.

ಸುರತ್ಕಲ್: ಸರಿಯಾ ಅಂತ ಕೇಳಿದ್ದು ನಾನು. ನಿಮಗೆಂತ ಉರಿ?

ಕ್ಯಾಲಿಬ್ರೇಶನ್ ಮೇಡಂ: ಫೈಲಿನಲ್ಲಿ ಕೆ ಎಷ್ಟು ಅಂತ ನೋಡದೆ ಇಬ್ಬರೂ ಸುಮ್ನೆ ಕಿತ್ತಾಡುತ್ತಿದ್ದೀರಿ. ನಾನು ಕೆ=1 ಅಂತ ಹಿಡಿದೆ. ಕೆ=2 ಆಗಿದ್ದರೆ ಮೊದಲು ಆ 2%ನ್ನು ಅರ್ಧ ಮಾಡಿ, ಆಮೇಲೆ ಕೂಡಿಸಿ.

ಉಡುಪಿ: ಮೇಡಂ, 1400ರಲ್ಲಿ ಮೈನಸ್ ಬಂದರೆ ಏನು ಮಾಡಬೇಕು?

ಅಡ್ಮಿನ್: ಇನ್ನು ಮುಂದೆ ಈ ಗ್ರೂಪಿಗೆ ಫಾರ್ವರ್ಡ್ ಹಾಕಬಾರದು.

ಸುರತ್ಕಲ್: ಎ4 ಹಾಳೆಯ ಮೆಸೇಜ್ ನನಗೆ ಕಳಿಸಿದ್ದೇ ನೀವು ಅಲ್ವಾ?