ಪದ ಬೇಕಿತ್ತು: ಗಿಟಾರ್ ಪಿಕಪ್, ಕಾಯಿಲ್ ಸ್ಪ್ಲಿಟ್, ವ್ಯಾಕ್ಸ್ ಪಾಟಿಂಗ್

ಗೆಳೆಯರೇ,
ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್ ತಿದ್ದಿ ನಾದ ಸುಧಾರಿಸುವ ಬಗೆಗಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ತಂತಿಗಳ ಕೆಳಗೆ ಕೂರುವ ಪಿಕಪ್ಪನ್ನು ಏನೆನ್ನುವುದು? ಎರಡು ಸುರುಳಿಯ ಹಂಬಕರ್ ಪಿಕಪ್‌ನಲ್ಲಿ ಒಂದನ್ನು ಸುಮ್ಮನಾಗಿಸುವ ಕಾಯಿಲ್ ಸ್ಪ್ಲಿಟ್‌ಗೆ ಏನು? ಸುರುಳಿಯನ್ನು ಕರಗಿದ ಮೇಣದಲ್ಲಿ ಮುಳುಗಿಸಿಡುವ ವ್ಯಾಕ್ಸ್ ಪಾಟಿಂಗ್‌ಗೆ? ಸದ್ಯಕ್ಕೆ 'ಧ್ವನಿಗ್ರಾಹಕ', 'ಸುರುಳಿ ವಿಭಜನೆ', 'ಮೇಣಲೇಪನ' ಎಂದು ಹಾಕಿದ್ದೇನೆ. ಓದಿದರೆ ಯಾಕೋ ಮನಸ್ಸು ಒಪ್ಪುತ್ತಿಲ್ಲ.

---
> ಸದ್ಯಕ್ಕೆ 'ಧ್ವನಿಗ್ರಾಹಕ'

ಬೇಡವೇ ಬೇಡ. 'ದನಿಹಿಡುಕ' ಅನ್ನಿ. ಕುಡಿ, ಕುಡುಕ, ಹಿಡಿ, ಹಿಡುಕ. 'ಧ್ವನಿಹಿಡುಕ' ಅಂದರೆ ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ. ದನಿ ತದ್ಭವ, ಅದಕ್ಕೆ ಆ ತೊಡಕಿಲ್ಲ. ಹಾಗೆಯೇ ಕೈಪಿಡಿಯಲ್ಲಿ ಅಯಸ್ಕಾಂತ ಅಂತಿದ್ದರೆ ತೆಗೆದು ಸೂಜಿಗಲ್ಲು ಹಾಕಿ. ನಮ್ಮದೇ ಪದ ಇರುವಾಗ ಸಾಲ ಯಾಕೆ?

---
> 'ದನಿಹಿಡುಕ' ಅನ್ನಿ

ತಲೆಹಿಡುಕ ಎಂಬ ಬೈಗುಳ ಗೊತ್ತಿದ್ದವರು ಯಾರೂ ಇದನ್ನು ಅಚ್ಚು ಹಾಕಲಾರರು. ಸೂಜಿಗಲ್ಲು ನಮ್ಮದೇ ಅಂದಿರಲ್ಲ, ಸೂಜಿ ಬಂದದ್ದು ಸೂಚಿಯಿಂದ. ಕಲ್ಲು ಮಾತ್ರ ನಮ್ಮದು. ತಂತಿಯೂ ತಂತ್ರಿಯ ತದ್ಭವ. ಅದನ್ನೂ ಬಿಡುತ್ತೀರಾ?

---
ನಾನು ಪಿಕಪ್ ಬಿಚ್ಚಿ ಕಟ್ಟುವವನು. ಹೆಸರಿಡುವ ಮೊದಲು ಅದರ ಕೆಲಸ ನೋಡಿ. ಪಿಕಪ್ ದನಿಯನ್ನು ಹಿಡಿಯುವುದೇ ಇಲ್ಲ, ಅದು ಮೈಕಿನ ಕೆಲಸ. ಇಲ್ಲಿ ಅಯಸ್ಕಾಂತದ ಎದುರು ಉಕ್ಕಿನ ತಂತಿ ಅದುರುತ್ತದೆ, ಕಾಂತಕ್ಷೇತ್ರ ಅಲುಗುತ್ತದೆ, ತಾಮ್ರದ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ನೈಲಾನ್ ತಂತಿ ಹಾಕಿ ಮೀಟಿದರೆ ಪಿಕಪ್ಪಿಗೆ ಏನೂ ತಿಳಿಯದು. ಸುರುಳಿಯ ಸುತ್ತುಗಳು ಸಡಿಲವಾದಾಗ ಮಾತ್ರ ಅದು ಮೈಕಿನ ಹಾಗೆ ಆಡುತ್ತದೆ, ವಾಲ್ಯೂಮ್ ಏರಿಸಿದರೆ ಕೀರಲು ಸದ್ದು ಬರುತ್ತದೆ. ಅದು ಪಿಕಪ್ಪಿನ ಕಾಯಿಲೆ. ಧ್ವನಿಗ್ರಾಹಕ, ದನಿಹಿಡುಕ ಎನ್ನುವ ನೀವಿಬ್ಬರೂ ಕಾಯಿಲೆಯ ಹೆಸರನ್ನು ವಸ್ತುವಿಗೆ ಇಡುತ್ತಿದ್ದೀರಿ. ಪಿಕಪ್ ಎಂದೇ ಇರಲಿ.

ಆ ಕಾಯಿಲೆಗೆ ಮದ್ದೇ ಈ ಮೇಣ. ಪ್ಯಾರಾಫಿನ್‌ಗೆ ಸ್ವಲ್ಪ ಜೇನುಮೇಣ ಬೆರೆಸಿ, ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ಪಿಕಪ್ ಮುಳುಗಿಸುತ್ತೇವೆ. ಇನ್ನೂ ಜಾಸ್ತಿ ಬಿಸಿಯಾದರೆ ಪ್ಲಾಸ್ಟಿಕ್ ಭಾಗಗಳು ಸೊಟ್ಟಗಾಗಬಹುದು. ಸುತ್ತುಗಳ ನಡುವಿನ ಗಾಳಿ ಸಣ್ಣ ಗುಳ್ಳೆಗಳಾಗಿ ಮೇಲೆ ಬರುತ್ತದೆ. ಗುಳ್ಳೆ ನಿಂತರೆ ಮೇಣ ಒಳಗೆ ಇಳಿದಿದೆ ಎಂದರ್ಥ. ಲೇಪನ ಅಂದರೆ ಹೊರಗೆ ಬಳಿದ ಹಾಗಾಯಿತು. ಮರಕ್ಕೆ, ಚರ್ಮಕ್ಕೆ ಎಣ್ಣೆ ಕುಡಿಸುತ್ತೇವಲ್ವಾ? ಇದು 'ಮೇಣ ಕುಡಿಸುವುದು'.

ವಿಭಜನೆಯೂ ಸರಿಯಲ್ಲ. ಯಾವ ಸುರುಳಿಯೂ ಸೀಳುವುದಿಲ್ಲ. ಎರಡು ಸುರುಳಿ ಸೇರುವ ಜಾಗವನ್ನು ಸ್ವಿಚ್ಚಿನ ಮೂಲಕ ಗ್ರೌಂಡಿಗೆ ಕೊಡುತ್ತೇವೆ, ಒಂದು ಸುರುಳಿ ಸುಮ್ಮನಾಗುತ್ತದೆ. ನಾದ ತೆಳುವಾಗುತ್ತದೆ, ಚುರುಕಾಗುತ್ತದೆ. ಎರಡೂ ಸೇರಿ ಅಳಿಸಿಹಾಕುತ್ತಿದ್ದ ಗುಂಯ್ ಸದ್ದೂ ವಾಪಸ್ ಬರುತ್ತದೆ. 'ಒಂಟಿ ಸುರುಳಿಗೆ ಇಳಿಸುವುದು' ಅನ್ನಿ. ಕಾಯಿಲ್ ಟ್ಯಾಪ್ ಬೇರೆ, ಅಲ್ಲಿ ಒಂದೇ ಸುರುಳಿಯ ನಡುವಿನಿಂದ ವೈರ್ ತೆಗೆದಿರುತ್ತಾರೆ. ಎರಡಕ್ಕೂ ಒಂದೇ ಪದ ಹಾಕಿದರೆ ಓದಿದವರು ತಪ್ಪು ವೈರ್ ಬೆಸೆಯುತ್ತಾರೆ.

---
ಮೇಣ ಕುಡಿಸುವುದು ಚೆನ್ನಾಗಿದೆ, ಒಪ್ಪಿದೆ. ಪಿಕಪ್ ಒಪ್ಪಲಾರೆ. ಹೀಗೆ ಒಂದೊಂದೇ ಬಿಡುತ್ತಾ ಹೋದರೆ ಹೊಸ ವಸ್ತುವಿಗೆ ಹೆಸರಿಡುವ ಅಭ್ಯಾಸವೇ ಕನ್ನಡಕ್ಕೆ ತಪ್ಪಿಹೋಗುತ್ತದೆ.

---
ಪಿಕಪ್ಪು, ಪಿಕಪ್ಪಿಗೆ, ಪಿಕಪ್ಪಿನ. ಪಕಾರಕ್ಕೆ ಒತ್ತು ಬಂತು, ವಿಭಕ್ತಿ ಹತ್ತಿತು. ಇನ್ನೇನಾಗಬೇಕು? ಅಭ್ಯಾಸ ತಪ್ಪಿಲ್ಲ, ಮೇಣ ಕುಡಿಸುವುದು ಈಗಷ್ಟೇ ಹುಟ್ಟಿತು.

---
ಎಲ್ಲರಿಗೂ ವಂದನೆ. ಪಿಕಪ್, ಒಂಟಿ ಸುರುಳಿಗೆ ಇಳಿಸುವುದು, ಮೇಣ ಕುಡಿಸುವುದು, ಮೂರನ್ನೂ ಹಾಕಿದೆ. ಅಯಸ್ಕಾಂತ ಹಾಗೇ ಇರುತ್ತದೆ, ಶಾಲೆಯಲ್ಲಿ ಎಲ್ಲರೂ ಓದಿದ ಪದ. ಕಾಯಿಲ್ ಟ್ಯಾಪ್‌ಗೆ ಪದ ಕಟ್ಟಲು ಹೋಗಿಲ್ಲ, 'ಸುರುಳಿಯ ನಡುವಿನಿಂದ ತೆಗೆದ ವೈರ್' ಎಂದು ಬಿಡಿಸಿಯೇ ಬರೆದಿದ್ದೇನೆ.